ಮುಂಡಿಗೆಕೆರೆಯ ಮುಳ್ಳುಕೋಟೆ

ಶಿರಸಿ ತಾಲೂಕಿನ ಸೋಂದಾದಲ್ಲಿರುವ ಮುಂಡಿಗೆಕೆರೆ ಕೆಲವೇ ಎಕರೆಯ ಸಣ್ಣ ಕೆರೆಯಾದರೂ ಮಳೆಗಾಲ ಹಿಡಿದು ಬಿಡುವವರೆಗೆ ಬೆಳ್ಳಕ್ಕಿಗಳ ಬಾಣಂತಿ ಕೋಣೆಯಾಗಿರುತ್ತದೆ. ಮುಂಡಗೋಡದ ಅತ್ತಿವೇರಿ, ಸೊರಬದ ಗುಡವಿ ಪಕ್ಷಿಧಾಮಗಳ ಹೆಸರು ಹೆಚ್ಚು ಪರಿಚಿತ. ಆದರೆ ಇಷ್ಟು ಕಿರಿದಾದ ನೀರಿನಲ್ಲಿ ಅಷ್ಟೊಂದು ಹಕ್ಕಿಗಳು ಸಂಸಾರ ಹೂಡುವ ಸೋಜಿಗದ ಗುಟ್ಟು ಕೆರೆಯ ನಡುವೆ ದಟ್ಟವಾಗಿ ಬೆಳೆದ ಮುಂಡಿಗೆ ಪೊದೆಗಳಲ್ಲಿದೆ.

ಕೇದಗೆಯ ಬಳಗಕ್ಕೆ ಸೇರಿದ ಮುಂಡಿಗೆಯು ಕೆಸರಿನಲ್ಲಿ ಊರುಬೇರು, ಅಂದರೆ ಕಾಂಡದಿಂದ ಇಳಿದು ಗಿಡಕ್ಕೆ ಊರುಗೋಲಾಗುವ ಬೇರು, ಇಳಿಬಿಟ್ಟು ನಿಲ್ಲುತ್ತದೆ. ಅದರ ಉದ್ದನೆಯ ಎಲೆಗಳ ಎರಡೂ ಅಂಚಿನಲ್ಲಿ, ನಡುನರದ ಅಡಿಯಲ್ಲಿ ಸಹ ಗರಗಸದ ಹಲ್ಲಿನಂಥ ಮುಳ್ಳುಗಳಿದ್ದು, ಚಾಪೆ ನೇಯುವವರು ಮೊದಲು ಅವನ್ನೇ ಸೀಳಿ ತೆಗೆಯುತ್ತಾರೆ. ದಾಸಸಾಹಿತ್ಯದ ಒಗಟಿನಂಥ ಹಾಡಿಗೂ ಮುಂಡಿಗೆಯೆಂದೇ ಹೆಸರಿರುವುದರಿಂದ ದಾಸಕವಿ ವಾದಿರಾಜರ ಸೋದೆಯಲ್ಲಿ, ಅಂದರೆ ಸೋಂದಾದಲ್ಲಿ, ಈ ಹೆಸರು ಕೇಳಿದವರಿಗೆ ಆ ಹಾಡುಗಳೇ ನೆನಪಾಗಬಹುದು. ಕೆರೆಗೆ ಹೆಸರು ಕೊಟ್ಟದ್ದು ಮಾತ್ರ ಈ ಗಿಡ. ಸುತ್ತ ನೀರು, ಒಳಗೆ ಮುಳ್ಳು: ನಾಯಿ, ಕಾಡುಬೆಕ್ಕುಗಳು ಸುಲಭವಾಗಿ ದಾಟಲಾರದ ಈ ಎರಡು ಸುತ್ತಿನ ಕೋಟೆ, 18ನೇ ಶತಮಾನದಲ್ಲಿ ಹೈದರಾಲಿಯ ವಶವಾದ ಸೋದೆ ಅರಸರ ಕೋಟೆಗಿಂತ ಗಟ್ಟಿಯೆನ್ನಬೇಕು.

ಸಂತಾನದ ಕಾಲಕ್ಕೆ ಗೋವಕ್ಕಿಯ, ಅಂದರೆ ದನಗಳ ಹಿಂದೆ ಮೇಯುವ ಬೆಳ್ಳಕ್ಕಿಯ, ತಲೆ ಕತ್ತುಗಳಿಗೆ ಕಿತ್ತಳೆ ಬಣ್ಣ ಏರುತ್ತದೆ. ಒಂದು ಹಕ್ಕಿ ಕಡ್ಡಿ ತಂದರೆ ಇನ್ನೊಂದು ಅದನ್ನು ಕೊಕ್ಕಿನಿಂದ ಕೊಕ್ಕಿಗೆ ಪಡೆದು ಎಲೆಗಳ ಸಂದಿಗೆ ಸಿಕ್ಕಿಸುತ್ತದೆ. ಮರಿ ಹುಟ್ಟಿದ ಮೇಲೆ ಗದ್ದೆಯ ಕಪ್ಪೆ, ಮಿಡತೆಗಳು ತಾಯಿತಂದೆಯ ಗಂಟಲಿಂದ ಮರಿಯ ಬಾಯಿಗೆ ಇಳಿಯುತ್ತವೆ. ನೀರಿಗೆ ಬಿದ್ದ ಹಿಕ್ಕೆ ಗೊಬ್ಬರವಾಗಿ ಪಾಚಿಯನ್ನು, ಪಾಚಿ ಮೀನನ್ನು ಸಾಕುತ್ತದೆ.

ಹಕ್ಕಿ ಬಂದರೆ ಮಳೆ ಬಂದಂತೆಯೇ ಎಂಬುದು ಊರಿನ ನಂಬಿಕೆ. ಹಕ್ಕಿಗೆ ಮಳೆಯ ದಿನ ಗೊತ್ತೆನ್ನುವುದಕ್ಕಿಂತ, ಮುಂಗಾರಿನ ಮೊದಲ ಹನಿಗಳಿಗೇ ಕಪ್ಪೆ ಕೀಟಗಳು ಎದ್ದು, ಹತ್ತುಮೀನು ಹರಿವಿಗೆದುರಾಗಿ ಏರತೊಡಗುವ ಹೊತ್ತಿಗೆ ಅದು ತನ್ನ ಮರಿಗಳ ಊಟವನ್ನು ಹೊಂದಿಸಿಕೊಳ್ಳುತ್ತದೆಂದರೆ ಹೆಚ್ಚು ಸರಿಯಾದೀತು.

ಮಲೆನಾಡಿನ ಸಣ್ಣ ಕೆರೆಗಳ ಅಭಿವೃದ್ಧಿಯೆಂದರೆ ಏರಿಗೆ, ಅಂದರೆ ನೀರು ತಡೆಯುವ ಮಣ್ಣಿನ ದಿಬ್ಬಕ್ಕೆ, ಕಲ್ಲು ಕಟ್ಟಿ ಅಂಗಳವನ್ನೆಲ್ಲ ಕೆರೆದು ಚೊಕ್ಕ ಮಾಡುವುದೆಂಬ ತಿಳಿವಳಿಕೆ ಬಲವಾಗಿದೆ. ಇಲ್ಲಿ ಅದು ಸಲ್ಲದು. ಹೂಳು ತೆಗೆಯಲೇಬೇಕಾದರೆ ಕೊನೆಯ ಮರಿ ಹಾರಿಹೋದ ಮೇಲೆ, ಬೇಸಿಗೆಯಲ್ಲಿ, ಪೊದೆಗಳ ಊರುಬೇರುಗಳಿಂದ ದೂರ ಸರಿದು, ಸುತ್ತಣ ನೀರಿನ ಆಳ ಉಳಿಯುವಷ್ಟನ್ನೇ ತೆಗೆಯಬೇಕು.