ಅಶ್ವಿನಿಯಲ್ಲಿ ಅರ್ಥಿಂಗ್, ಭರಣಿಯಲ್ಲಿ ತಾರಸಿ

ರೈತರು ಮಳೆ ನಕ್ಷತ್ರ ನೋಡಿ ಬಿತ್ತುವುದು ಗೊತ್ತು. ಅದೇ ಲೆಕ್ಕದಲ್ಲಿ ಕಟ್ಟಡಗಳನ್ನು ನೋಡಿಕೊಂಡವರೊಬ್ಬರು ಶಿವಮೊಗ್ಗದ ವಿದ್ಯಾನಗರದಲ್ಲಿದ್ದಾರೆ ಎಂದು ಕೇಳಿ ಅವರನ್ನು ಹುಡುಕಿಕೊಂಡು ಹೋದೆ. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್‌ಗಳ ದುರಸ್ತಿ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಹೆಸರು ಹಾಕುವುದು ಬೇಡ ಎಂದರು. ಪರಿಚಯದ ಐಟಿಐ ಹುಡುಗರು ಸಂಶಯ ಬಂದಾಗ ಇವರ ಜಗಲಿಗೆ ಬರುತ್ತಾರೆ.

ಅವರ ವರ್ಷ ಶುರುವಾಗುವುದು ಏಪ್ರಿಲ್ ಮಧ್ಯದ ಅಶ್ವಿನಿಯಲ್ಲಿ. ಆಗ ಅರ್ಥಿಂಗ್ ಗುಂಡಿಯ ಪರೀಕ್ಷೆ. ಇದ್ದಿಲು, ಉಪ್ಪು ತುಂಬಿದ ಆ ಗುಂಡಿಯ ಸುತ್ತಲಿನ ಮಣ್ಣು ಒಣಗಿದಷ್ಟೂ ವಿದ್ಯುತ್ತಿಗೆ ತಡೆ ಹೆಚ್ಚು. ಕಡು ಬೇಸಿಗೆಯಲ್ಲಿ ಮೀಟರ್ ಸರಿ ತೋರಿಸಿದರೆ ವರ್ಷವಿಡೀ ಚಿಂತೆಯಿಲ್ಲ. "ಮಳೆಗಾಲದಲ್ಲಿ ಅಳೆದು ರಿಜಿಸ್ಟರ್ ತುಂಬಿಸಬೇಡ ಮಾರಾಯ, ನೆಂದ ಮಣ್ಣು ಸುಳ್ಳು ಹೇಳುತ್ತೆ" ಎಂದು ಹುಡುಗರಿಗೆ ಹೇಳುತ್ತಾರೆ. ಭರಣಿಯಲ್ಲಿ ತಾರಸಿ: ಎಲೆ ಕಸ ತೆಗೆದು, ನೀರು ಹೋಗುವ ತೂತುಗಳನ್ನು ಬಿಡಿಸಿ, ಬಿರುಕು ಮುಚ್ಚಬೇಕು. ಕೃತ್ತಿಕೆಯಲ್ಲಿ ಒಡೆದ ಹಂಚು ಬದಲಿಸಬೇಕು. ರೋಹಿಣಿ ಮುಗಿಯುವಷ್ಟರಲ್ಲಿ ಚರಂಡಿ, ಮಾಡಿನ ದೋಣಿ ಎಲ್ಲ ಮುಗಿದಿರಬೇಕು. ಆರಿದ್ರಾ ಹಿಡಿದ ಮೇಲೆ ಮಲೆನಾಡಿನಲ್ಲಿ ಏಣಿ ಹತ್ತುವ ಮಾತೇ ಇಲ್ಲ. ಪುನರ್ವಸು, ಪುಷ್ಯದ ದಿನಗಳು ರಿಪೇರಿಗಲ್ಲ, ನೋಡುವುದಕ್ಕೆ. ಎಲ್ಲಿ ಒದ್ದೆಯಾಯಿತು, ಯಾವ ಗೋಡೆ ಮೊದಲು ಕಪ್ಪಾಯಿತು, ಎಲ್ಲ ಬರೆದಿಟ್ಟುಕೊಳ್ಳುತ್ತಾರೆ.

ಆ ನೋಡುವ ವಿದ್ಯೆಗೇ ನಾನು ಬೆರಗಾದದ್ದು. ಬೇಸಿಗೆಯಲ್ಲೂ ಆರದ ತೇವ ಕಂಡರೆ ಗೋಡೆಯೊಳಗಿನ ಪೈಪನ್ನು ಅನುಮಾನಿಸಬೇಕಂತೆ. ಮಳೆಯ ಜೊತೆ ಬಂದು ಮಳೆಯ ಜೊತೆ ಹೋದರೆ ತಾರಸಿ ಅಥವಾ ಹೊರಗೋಡೆ. ನೆಲದಿಂದ ಎರಡು ಮೂರು ಅಡಿ ಏರಿ ಅಲ್ಲೇ ನಿಂತು, ಬಿಳಿ ಉಪ್ಪು ಬಿಟ್ಟರೆ ಅಡಿಪಾಯದಿಂದ ಮೇಲೆ ಬರುತ್ತಿರುವ ನೀರು. ಅದಕ್ಕೆ ಬಣ್ಣ ಹೊಡೆದರೆ ಹಣ ದಂಡ. ಸಣ್ಣ ಸುತ್ತಿಗೆಯಿಂದ ತಾರಸಿಯ ಅಡಿಭಾಗವನ್ನು ತಟ್ಟುತ್ತಾ ಹೋದರೆ ಗಟ್ಟಿ ಇರುವ ಕಡೆ ಒಂದು ದನಿ, ಬಿಟ್ಟುಕೊಂಡ ಕಡೆ ಟೊಳ್ಳು ದನಿ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಸುತ್ತಲಿನ ಕಾಂಕ್ರೀಟನ್ನು ಒಳಗಿನಿಂದ ಸೀಳುತ್ತದೆ. ಆ ದನಿ ಕೇಳಿದವನು ಕಂಬಿಯವರೆಗೂ ಕೆತ್ತಿ, ತುಕ್ಕು ಉಜ್ಜಿ ತೆಗೆದು ಮತ್ತೆ ಕಟ್ಟಬೇಕು. ಮೇಲಿಂದ ಸಿಮೆಂಟು ಬಳಿದವನು ಮುಂದಿನ ವರ್ಷ ಅದೇ ಕೆಲಸಕ್ಕೆ ಬರುತ್ತಾನೆ.

ಇದೆಲ್ಲ ಅವರು ಕಲಿತದ್ದು ಯಾವ ತರಗತಿಯಲ್ಲೂ ಅಲ್ಲ, ಭದ್ರಾವತಿಯ ಕೆಲಸದಲ್ಲೇ. ಬೆಂಕಿಪುರ ಎಂದಿದ್ದ ಊರು ಭದ್ರಾವತಿಯಾಗಿ, 1923ರಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಕಾಡಿನ ಕಟ್ಟಿಗೆಯ ಇದ್ದಿಲಿನಿಂದ ಕಬ್ಬಿಣ ಕರಗಿಸತೊಡಗಿತು. 1936ರಲ್ಲಿ ಕಾಗದ ಕಾರ್ಖಾನೆಯ ಕಂಪನಿ ಹುಟ್ಟಿತು. ಕಾರ್ಖಾನೆಗಳ ಜೊತೆ ನ್ಯೂಟೌನ್, ಪೇಪರ್ ಟೌನ್ ಬೆಳೆದವು. ಸಾವಿರಾರು ಕುಟುಂಬಗಳ ನಲ್ಲಿ, ದೀಪ, ಮಾಡು, ಚರಂಡಿ ಎಲ್ಲವೂ ಕಂಪನಿಯ ಹೊಣೆ. ಈಗ ಬೆಂಗಳೂರಿನ ಟೆಕ್ ಪಾರ್ಕ್‌ಗಳಲ್ಲಿ 'ಫೆಸಿಲಿಟಿ ಮ್ಯಾನೇಜ್‌ಮೆಂಟ್' ಎನ್ನುವ ಉದ್ಯೋಗವನ್ನು ಭದ್ರಾವತಿ ಆ ಹೆಸರಿಲ್ಲದೆ ಮಾಡುತ್ತಿತ್ತು. ಹೊಸಬ ಹಳಬನ ಹಿಂದೆ ಏಣಿ ಹೊತ್ತು ತಿರುಗುತ್ತಾ ಕಲಿಯುತ್ತಿದ್ದ.

ಈಗ ಓದಬೇಕೆಂದರೆ ಈ ವಿದ್ಯೆ ಹಂಚಿಹೋಗಿದೆ. ಐಟಿಐಯಲ್ಲಿ ಪ್ಲಂಬರ್ ಟ್ರೇಡ್ 1 ವರ್ಷ, ಎಲೆಕ್ಟ್ರಿಷಿಯನ್ 2 ವರ್ಷ. ಪಾಲಿಟೆಕ್ನಿಕ್‌ನಲ್ಲಿ ಎಸ್ಸೆಸ್ಸೆಲ್ಸಿ ನಂತರ 3 ವರ್ಷದ ಸಿವಿಲ್ ಡಿಪ್ಲೊಮಾ. ಭದ್ರಾವತಿಯ ವಿ.ಐ.ಎಸ್.ಎಸ್.ಜೆ. ಸರ್ಕಾರಿ ಪಾಲಿಟೆಕ್ನಿಕ್ ತನ್ನ ಹೆಸರಿನ ಅಕ್ಷರಗಳಲ್ಲೇ ಆ ಕಬ್ಬಿಣದ ಕಾರ್ಖಾನೆಯನ್ನು ಹೊತ್ತಿದೆ. ಆದರೆ ಸಿವಿಲ್ ಓದಿದವನ ಮನಸ್ಸು ಹೊಸದನ್ನು ಕಟ್ಟುವುದರಲ್ಲಿ, ಪ್ಲಂಬರನ ಕಣ್ಣು ಪೈಪಿನಲ್ಲಿ, ಎಲೆಕ್ಟ್ರಿಷಿಯನ್‌ನ ಕಣ್ಣು ವೈರಿನಲ್ಲಿ. ಒದ್ದೆ ಗೋಡೆಯೊಳಗೆ ಪೈಪೂ ವೈರೂ ಕಂಬಿಯೂ ಒಟ್ಟಿಗೇ ಇರುತ್ತವೆ. ಮೂರನ್ನೂ ಸೇರಿಸಿ ನೋಡುವವನನ್ನು ತಯಾರು ಮಾಡಬೇಕಾದ ಕಾಲ ಇದು. ಆಸ್ಪತ್ರೆ, ಅಪಾರ್ಟ್‌ಮೆಂಟ್, 2023ರಲ್ಲಿ ತೆರೆದ ವಿಮಾನ ನಿಲ್ದಾಣ: ಶಿವಮೊಗ್ಗ ಕಟ್ಟುತ್ತಲೇ ಇದೆ. ಲಿಫ್ಟ್‌ಗಾದರೆ ರಾಜ್ಯದಲ್ಲಿ 2012ರ ಕಾಯ್ದೆ ಇದೆ, ತಪಾಸಣೆ ಇದೆ. ಸೋರುವ ಗೋಡೆಯನ್ನು ಕೇಳುವವರಿಲ್ಲ.

ಕಾಗದ ಕಾರ್ಖಾನೆ ನಿಂತು ವರ್ಷಗಳಾದವು. ಹಳೆಯ ಕಬ್ಬಿಣದ ಕಾರ್ಖಾನೆಯೇ ಆದ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಬಂತು, ಕಾರ್ಮಿಕರು ಧರಣಿ ಕೂತರು, ಆ ವರ್ಷವೇ ಒಂದಷ್ಟು ಕೆಲಸ ಮತ್ತೆ ಶುರುವಾಯಿತು. ಆದರೆ ಜನ ಬಿಟ್ಟುಹೋದ ಕ್ವಾರ್ಟರ್ಸ್‌ಗಳಿವೆ. ಅವುಗಳಲ್ಲಿ ಒಂದು ಸಾಲನ್ನು ಪಾಲಿಟೆಕ್ನಿಕ್, ಐಟಿಐ ಹುಡುಗರಿಗೆ ಬಿಟ್ಟುಕೊಡಬಾರದೇಕೆ? ಹಳೆಯ ಹಂಚು, ಸುಣ್ಣದ ಗಾರೆ, ಆಮೇಲಿನ ಕಾಂಕ್ರೀಟು, ಎಲ್ಲ ಕಾಲದ ಕಾಯಿಲೆಗಳೂ ಅಲ್ಲಿ ಸಿಗುತ್ತವೆ. ಅಶ್ವಿನಿಯಿಂದ ಪುಷ್ಯದವರೆಗೆ ಒಂದು ಸುತ್ತು ಅಲ್ಲಿ ಕೆಲಸ ಮಾಡಿದ ಹುಡುಗ ಎಲ್ಲಿ ಹೋದರೂ ಬದುಕುತ್ತಾನೆ.

ಪಾಠ ಹೇಳಲು ಆ ಹಿರಿಯರು ತಯಾರಿದ್ದಾರೆ. ಅವರ ಮನೆಯಿಂದ ಭದ್ರಾವತಿ ಬಿ.ಎಚ್. ರಸ್ತೆಯಲ್ಲಿ ಸುಮಾರು 20 ಕಿಲೋಮೀಟರ್. ಬಸ್ಸಿನಲ್ಲಿ ಹೋಗಿಬರುತ್ತೇನೆ, ಸಂಬಳ ಬೇಡ, ಏಣಿ ಹಿಡಿಯಲು ಇಬ್ಬರು ಇದ್ದರೆ ಸಾಕು ಎನ್ನುತ್ತಾರೆ. ಇದುವರೆಗೆ ಯಾರೂ ಕರೆದಿಲ್ಲ.