ಕಾರ್ಡ್‌ಲೆಸ್ ಇದೆ, ಕರೆಂಟ್ ಇದೆಯೇ?

ಮೊಬೈಲ್ ಎಲ್ಲರ ಜೇಬಿಗೆ ಬಂದ ಮೇಲೂ ಸ್ಥಿರ ದೂರವಾಣಿ ಉಳಿಸಿಕೊಂಡ ಮನೆಗಳುಂಟು. ಶಾಲೆ ಬಿಟ್ಟು ಮಕ್ಕಳು ಮೊದಲು ಬಂದು, ಅಪ್ಪ ಅಮ್ಮ ಸಂಜೆ ತಡವಾಗಿ ಬರುವ ಮನೆಯಲ್ಲಿ ಒಳಗಿರುವ ಮಗುವಿಗೆ ಅದೇ ಆಧಾರ. ಅಂಥ ಮನೆಗೆ ಕಾರ್ಡ್‌ಲೆಸ್ ತರುವವರು ಕೆಲವು ಸಂಗತಿಗಳನ್ನು ತಿಳಿದಿರಬೇಕು.

ಇದರಲ್ಲಿ ಎರಡು ಭಾಗ. ಕೈಯಲ್ಲಿ ಹಿಡಿಯುವ ಹ್ಯಾಂಡ್‌ಸೆಟ್ ಒಂದು, ಅದು ಕೂರುವ ಬೇಸ್ ಇನ್ನೊಂದು. ಬೇಸ್‌ಗೆ ದೂರವಾಣಿ ಲೈನಿನ ತಂತಿ ಹಾಗೂ ವಿದ್ಯುತ್ ಅಡಾಪ್ಟರ್ ಎರಡನ್ನೂ ಸಿಕ್ಕಿಸಬೇಕು. ಲೈನಿನಲ್ಲಿ ಬಂದ ಮಾತನ್ನು ಬೇಸ್ ರೇಡಿಯೊ ಅಲೆಗಳ ಮೂಲಕ ಹ್ಯಾಂಡ್‌ಸೆಟ್‌ಗೆ ಕಳಿಸುತ್ತದೆ. ಒಂದು ಪುಟ್ಟ ಬಾನುಲಿ ಕೇಂದ್ರ ಎನ್ನಿ. ಹಳೆಯ ಅನಲಾಗ್ ಸೆಟ್ಟುಗಳಲ್ಲಿ ಪಕ್ಕದ ಮನೆಯವರ ಮಾತುಕತೆ ನಮ್ಮ ಕಿವಿಗೂ ಬೀಳುತ್ತಿದ್ದುದು ಇದರಿಂದಲೇ. 1990ರ ದಶಕದಲ್ಲಿ ಯೂರೋಪಿನಲ್ಲಿ ರೂಪುಗೊಂಡ 'ಡೆಕ್ಟ್' ಎಂಬ ಡಿಜಿಟಲ್ ಪದ್ಧತಿ ಈ ತಾಪತ್ರಯವನ್ನು ಬಹುಮಟ್ಟಿಗೆ ತಪ್ಪಿಸಿತು.

ಬೇಸನ್ನು ಮನೆಯ ನಡುಭಾಗದಲ್ಲಿ, ತುಸು ಎತ್ತರದಲ್ಲಿಡಿ. ಕಬ್ಬಿಣದ ಬೀರು, ಫ್ರಿಜ್ಜಿನ ಪಕ್ಕ ಬೇಡ. 2.4 ಗಿಗಾಹರ್ಟ್ಸ್ ಸೆಟ್ಟಾದರೆ ವೈ-ಫೈ ಪೆಟ್ಟಿಗೆ, ಮೈಕ್ರೋವೇವ್ ಒಲೆಯಿಂದಲೂ ದೂರವಿರಲಿ. ಡೆಕ್ಟ್ ಸೆಟ್ಟಿನ ಡಬ್ಬಿಯ ಮೇಲಿನ 300 ಮೀಟರ್ ಬಯಲಿನ ಲೆಕ್ಕ. ಗೋಡೆಗಳ ನಡುವೆ 50 ಮೀಟರ್ ಸಿಕ್ಕರೆ ಪುಣ್ಯ.

ಮೊದಲ ಚಾರ್ಜನ್ನು ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು ಪೂರ್ತಿ ಮಾಡಿ. ಬ್ಯಾಟರಿ ಹಳತಾದಾಗ ಟಿ.ವಿ. ರಿಮೋಟಿನ ಸೆಲ್ ಕಿತ್ತು ಇದಕ್ಕೆ ಹಾಕುವ ಜಾಣತನ ಮಕ್ಕಳಿಗೆ ಬೇಡ. ರೀಚಾರ್ಜ್ ಆಗದ ಸೆಲ್ಲುಗಳನ್ನು ಚಾರ್ಜಿಗಿಟ್ಟರೆ ಸೋರಬಹುದು, ಸಿಡಿಯಲೂಬಹುದು. ನಂಬರುಗಳನ್ನು ತುಂಬುವಾಗ ಇನ್ನೊಂದು ನೆನಪಿರಲಿ: ನಮ್ಮ ದೇಶದಲ್ಲಿ 2021ರ ಜನವರಿ 15ರಿಂದ ಸ್ಥಿರ ದೂರವಾಣಿಯಿಂದ ಮೊಬೈಲ್‌ಗೆ ಕರೆ ಮಾಡಲು ಮುಂದೆ ಸೊನ್ನೆ ಸೇರಿಸಬೇಕು.

ಇವೆಲ್ಲ ಸರಿಯಿದ್ದರೂ ಕರೆಂಟ್ ಹೋದರೆ? ತಂತಿಯಿರುವ ಹಳೆಯ ಫೋನಿಗೆ ತಾಮ್ರದ ಲೈನಿನಲ್ಲೇ ಎಕ್ಸ್‌ಚೇಂಜಿನಿಂದ ಸುಮಾರು 48 ವೋಲ್ಟ್ ಬರುತ್ತಿತ್ತು. ಊರೆಲ್ಲ ಕತ್ತಲಾದರೂ ಅದು ಮಾತಾಡುತ್ತಿದ್ದ ಗುಟ್ಟು ಅದೇ. ಕಾರ್ಡ್‌ಲೆಸ್ ಹಾಗಲ್ಲ. ಹ್ಯಾಂಡ್‌ಸೆಟ್ಟಿನಲ್ಲಿ ಚಾರ್ಜ್ ಎಷ್ಟೇ ಇರಲಿ, ಬೇಸ್‌ಗೆ ಕರೆಂಟ್ ಇಲ್ಲದಿದ್ದರೆ ಎರಡೂ ಮೂಕ. ಆದ್ದರಿಂದ ತಾಮ್ರದ ಲೈನಿದ್ದರೆ ಹಳೆಯ ಫೋನನ್ನು ಗುಜರಿಗೆ ಹಾಕದೆ ಅದೇ ಲೈನಿಗೆ ಜೋಡಿಸಿಡಿ.

ಫೈಬರ್ ಸಂಪರ್ಕದವರಿಗೆ ಈ ಉಪಾಯವೂ ಸಾಲದು. ಗಾಜಿನ ಎಳೆಯಲ್ಲಿ ಬೆಳಕು ಬರುತ್ತದೆಯೇ ಹೊರತು ವಿದ್ಯುತ್ ಬರುವುದಿಲ್ಲ. ಅಲ್ಲಿ ಫೋನಿನ ತಂತಿ ಸೇರುವುದು ಗೋಡೆಯ ಮೇಲಿನ ಫೈಬರ್ ಪೆಟ್ಟಿಗೆಗೆ. ಆ ಪೆಟ್ಟಿಗೆಗೂ ಕರೆಂಟ್ ಬೇಕು. ಪೆಟ್ಟಿಗೆ, ಬೇಸ್ ಎರಡನ್ನೂ ಯು.ಪಿ.ಎಸ್. ಅಥವಾ ಇನ್ವರ್ಟರ್ ಲೈನಿಗೆ ಕೊಡಿಸಿ. ಪೆಟ್ಟಿಗೆಯನ್ನು ಬಿಟ್ಟು ಬೇಸ್‌ಗೆ ಮಾತ್ರ ಕೊಡಿಸಿದರೆ ಪ್ರಯೋಜನವಿಲ್ಲ.

ಒಂದು ಭಾನುವಾರ ಮೇನ್ ಸ್ವಿಚ್ ಆರಿಸಿ, ಮಗುವಿನ ಕೈಯಿಂದಲೇ ಅಮ್ಮನ ಮೊಬೈಲ್‌ಗೆ ಡಯಲ್ ಮಾಡಿಸಿ ನೋಡಿ. ತುರ್ತು ಸಂಖ್ಯೆ 112 ಬಾಯಿಪಾಠವಾಗಿರಲಿ. ಪರೀಕ್ಷೆಗೆಂದು ಅದನ್ನು ಒತ್ತುವುದು ಬೇಡ. ಅಪ್ಪ, ಅಮ್ಮ, ಪಕ್ಕದ ಮನೆಯವರ ನಂಬರುಗಳನ್ನು ಸೊನ್ನೆ ಸಮೇತ ಚೀಟಿಯಲ್ಲಿ ಬರೆದು ಫೋನಿನ ಪಕ್ಕದ ಗೋಡೆಗೆ ಅಂಟಿಸಿ. ಹ್ಯಾಂಡ್‌ಸೆಟ್ಟಿನಲ್ಲಿ ತುಂಬಿಟ್ಟ ನಂಬರುಗಳು ಹಳೆಯ ಫೋನಿನಲ್ಲಿ ಸಿಗುವುದಿಲ್ಲವಲ್ಲ!