ಮಡಿಲ ಗಣಕದ ಆಯ್ಕೆ

ಮಗಳಿಗೆ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸ್ಥಾನ ದೊರೆಯಿತೆಂದರೆ ಮನೆಯೊಳಗೆ ಸಂತೋಷದ ಬೆನ್ನಿಗೇ ಚಿಂತೆಯೊಂದು ಕಾಲಿಡುತ್ತದೆ. ಶುಲ್ಕ, ಪುಸ್ತಕ, ವಸತಿಗಳ ಜೊತೆಗೆ ಲ್ಯಾಪ್‌ಟಾಪ್ ಬೇಕು. ತಂದೆಯ ತಿಂಗಳ ಸಂಬಳವನ್ನೇ ನುಂಗಬಲ್ಲ ಈ ವಸ್ತುವನ್ನು ಅಂಗಡಿಯವನ ಮಾತಿನ ಮೇಲೆ ಅರ್ಧ ಗಂಟೆಯಲ್ಲಿ ಆರಿಸಿ ತರುವುದುಂಟು. ಒಂದು ಸೀರೆಗಾಗಿ ನಾಲ್ಕು ಅಂಗಡಿ ಹತ್ತಿಳಿಯುವ ಸಂಸಾರಕ್ಕೆ ಇಲ್ಲಿ ಮಾತ್ರ ಏಕೆ ಈ ಅವಸರ? ತಿಳಿಯದ ವಸ್ತುವಿನ ಮುಂದೆ ಪ್ರಶ್ನೆ ಕೇಳಲು ಸಂಕೋಚ.

ಆ ಸಂಕೋಚದ ಫಲ ಮೂರನೆಯ ವರ್ಷದಲ್ಲಿ ಕಾಣಬಹುದು. ತೆಳ್ಳಗೆ ಹೊಳೆಯುತ್ತಿದ್ದ ಯಂತ್ರ, ವಿನ್ಯಾಸದ ತಂತ್ರಾಂಶವನ್ನು ತೆರೆದೊಡನೆ ಏದುಸಿರು ಬಿಡುತ್ತದೆ. ರ‍್ಯಾಮ್ ಹೆಚ್ಚಿಸೋಣವೆಂದರೆ ಅದು ಫಲಕಕ್ಕೇ ಬೆಸುಗೆಯಾಗಿದೆ, ಸೇರಿಸುವಂತಿಲ್ಲ. ತಂದೆಯನ್ನು ಮತ್ತೆ ಕೇಳಲು ಮಗಳಿಗೆ ಬಾಯಿ ಬಾರದು. ಗೆಳತಿಯ ಯಂತ್ರ ಬಿಡುವಾಗುವವರೆಗೆ ಕಾದು ಕೂರುತ್ತಾಳೆ.

ಆದ್ದರಿಂದ ಮೊದಲ ಪ್ರಶ್ನೆಯನ್ನು ಅಂಗಡಿಯವನಿಗಲ್ಲ, ತಮಗೇ ಹಾಕಿಕೊಳ್ಳಬೇಕು: ಈ ಯಂತ್ರದಿಂದ ಆಗಬೇಕಾದ ಕೆಲಸವೇನು? ಕಾಲೇಜಿನಲ್ಲಿ ಯಾವ ತಂತ್ರಾಂಶಗಳನ್ನು ಕಲಿಸುವರೆಂದು ಮುಂಚೆಯೇ ವಿಚಾರಿಸುವುದು ಲೇಸು. ಸಾಲಿಡ್‌ವರ್ಕ್ಸ್‌ನಂತಹ ಕೆಲವನ್ನು ವಿಂಡೋಸ್‌ಗೆಂದೇ ರಚಿಸಲಾಗಿದೆ. ಮ್ಯಾಕ್‌ಬುಕ್ ತಂದ ಮೇಲೆ ಇದು ತಿಳಿದರೆ ಪ್ರಯೋಜನವಿಲ್ಲ.

ರ‍್ಯಾಮ್ ಎಂಬುದು ಬರೆಯುವ ಮೇಜಿದ್ದಂತೆ, ಸಂಗ್ರಹವೆಂಬುದು ಬೀರುವಿದ್ದಂತೆ. ಮೇಜು ಕಿರಿದಾದರೆ ಬೀರು ಎಷ್ಟು ದೊಡ್ಡದಿದ್ದರೂ ಕೆಲಸ ತಡವರಿಸುತ್ತದೆ. ಪತ್ರ, ಲೆಕ್ಕ, ಬ್ಯಾಂಕಿನ ವ್ಯವಹಾರ, ಪರದೇಶದಲ್ಲಿರುವ ಮಗನೊಡನೆ ಮುಖ ನೋಡಿ ಮಾತು—ಇಷ್ಟಕ್ಕೆ 8 ಜಿ.ಬಿ. ಸಾಕು. ಯಂತ್ರವಿನ್ಯಾಸ, ಚಲನಚಿತ್ರಗಳ ಸಂಕಲನ ಮೊದಲಾದವಕ್ಕೆ 16 ಜಿ.ಬಿ. ಇರಲಿ, ಭಾರಿ ವಿನ್ಯಾಸಗಳಿಗೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡೂ ಬೇಕಾಗಬಹುದು. ಸಂಗ್ರಹಕ್ಕೆ ತಿರುಗುವ ಹಾರ್ಡ್ ಡಿಸ್ಕಿಗಿಂತ ಎಸ್.ಎಸ್.ಡಿ. ಮೇಲು, ಅದು ಬಹು ವೇಗದ್ದು, ಚಲಿಸುವ ಭಾಗಗಳಿಲ್ಲದ್ದರಿಂದ ಅಲುಗಾಟಕ್ಕೂ ಅಂಜದು. ಕನ್ನಡ ಬರೆಯಲು ಬೇರೆ ಯಂತ್ರವೇನೂ ಬೇಡ. ವಿಂಡೋಸ್, ಮ್ಯಾಕ್ ಎರಡರಲ್ಲಿಯೂ ಕನ್ನಡದ ಕೀಲಿಮಣೆಯ ಏರ್ಪಾಡು ಉಂಟು.

ತೂಕವನ್ನು ಕೈಯಲ್ಲಿ ಎತ್ತಿಯೇ ತಿಳಿಯಬೇಕು. 1981ರಲ್ಲಿ ಮಾರಾಟಕ್ಕೆ ಬಂದ ಆಸ್ಬಾರ್ನ್ 1 ಎಂಬ ‘ಒಯ್ಯಬಲ್ಲ’ ಗಣಕ ಸುಮಾರು 11 ಕಿಲೋ ತೂಗುತ್ತಿತ್ತು. ಅದರ ತೆರೆ ಕೇವಲ 5 ಅಂಗುಲ. ಇಂದು ಒಂದೂವರೆ ಕಿಲೋದೊಳಗೆ 14 ಅಂಗುಲದ ತೆರೆ ದೊರೆಯುತ್ತದೆ. ದಿನವೂ ಬಸ್ಸಿನಲ್ಲಿ ಹೆಗಲಿಗೇರಿಸುವವರಿಗೆ ಅದೇ ಹಿತ. ಮೇಜಿನ ಮೇಲೇ ಇರಿಸುವ ಹಿರಿಯರ ಕಣ್ಣಿಗೆ 15.6 ಅಂಗುಲದ್ದು ಒಪ್ಪುತ್ತದೆ.

ಹಳೆಯದನ್ನು ಕೊಳ್ಳುವವರು ಇನ್ನೊಂದು ಎಚ್ಚರ ವಹಿಸಬೇಕು. ವಿಂಡೋಸ್ 10ಕ್ಕೆ ತಯಾರಕರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11ನ್ನು ಒಪ್ಪದ ಹಳೆಯ ಯಂತ್ರ, ಬೆಲೆ ಅಗ್ಗವೆನಿಸಿದರೂ, ಭದ್ರತೆಯ ದೃಷ್ಟಿಯಿಂದ ದುಬಾರಿಯೇ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಹಣದ ಮಟ್ಟಿಗೆ ಸರಿ. ಆದರೆ ಇಲ್ಲಿ ಹಾಸಿಗೆ ಕೊಳ್ಳುವ ಮೊದಲು ಕಾಲಿನ ಉದ್ದವನ್ನೂ ಅಳೆಯಬೇಕು. ಅಗತ್ಯಗಳನ್ನು ಚೀಟಿಯೊಂದರಲ್ಲಿ ಬರೆದುಕೊಂಡು, ಮಗಳನ್ನೂ ಕರೆದುಕೊಂಡು ಅಂಗಡಿಗೆ ಹೋಗುವ ತಂದೆ, ಹಣ ಎಣಿಸುವ ಮೊದಲು ಒಂದೇ ಮಾತು ಕೇಳಲಿ: “ಇದರ ರ‍್ಯಾಮ್ ಮುಂದೆ ಹೆಚ್ಚಿಸಬಹುದೇ?” ಆ ಉತ್ತರದ ಮೇಲೆ ಮಗಳ ನಾಲ್ಕು ವರ್ಷಗಳ ಓದು ನಿಂತಿರಬಹುದು.